‘ಸದ್ಯಕ್ಕೆ ಇದೊಂದು ಇರಲಿ’

ನಾಣ್ಯ ಕೊಳ್ಳಲು ಬಂದವರ ಬಾಯಲ್ಲಿ ನಾನು ಅತಿ ಹೆಚ್ಚು ಕೇಳಿದ ಮಾತು ಇದು: ‘ಸದ್ಯಕ್ಕೆ ಇದೊಂದು ಇರಲಿ. ಒಳ್ಳೇದು ಸಿಕ್ಕಾಗ ಬದಲಾಯಿಸಿಕೊಂಡರಾಯಿತು.’ ಹಳೇ ನಾಣ್ಯ ಕೊಂಡು ಮಾರುವುದು ನನ್ನ ಕಸುಬು. ಹಾಗೆ ಬದಲಾಯಿಸಿಕೊಂಡವರನ್ನು ಬೆರಳಲ್ಲಿ ಎಣಿಸಬಹುದು.

ಕೆಲವು ತಿಂಗಳ ಹಿಂದೆ ನಿವೃತ್ತ ಮೇಷ್ಟ್ರೊಬ್ಬರು ಆಲ್ಬಮ್ ಹಿಡಿದು ಬಂದರು. ಎಲ್ಲ ವಿಕ್ಟೋರಿಯಾ ರಾಣಿಯ ಬೆಳ್ಳಿ ರೂಪಾಯಿ. ಪ್ರತಿ ಖಾನೆಗೂ ಇಸವಿ ಬರೆದ ಚೀಟಿ, ಮುತ್ತು ಪೋಣಿಸಿದಂಥ ಅಕ್ಷರ. 1862ರ ರೂಪಾಯಿಯೇ ಹನ್ನೊಂದಿದ್ದವು. ‘ತುಂಬಾ ಹಳೇದು ಅಲ್ವಾ, ಕಂಡಾಗಲೆಲ್ಲ ತಗೊಂಡೆ’ ಅಂದರು. ಅದರ ಮುಂದೆ 1863ರಿಂದ 1873ರ ತನಕ ಹನ್ನೊಂದು ಖಾನೆ ಖಾಲಿ. ಎಷ್ಟೋ ವರ್ಷದಿಂದ ಹುಡುಕುತ್ತಿದ್ದರಂತೆ.

ಹೇಗೆ ಹೇಳುವುದು? ಆ ಇಸವಿಯ ರೂಪಾಯಿ ಚಲಾವಣೆಗೆ ಬಂದೇ ಇಲ್ಲ. 1862ರಲ್ಲಿ ಹೊಸ ಅಚ್ಚು ಬಂತು. ಆಮೇಲೆ ಹತ್ತು ವರ್ಷಕ್ಕೂ ಜಾಸ್ತಿ ಕಾಲ ಟಂಕಸಾಲೆಗಳು ಅದೇ ಇಸವಿ ಹಾಕಿಕೊಂಡು ರೂಪಾಯಿ ಹೊಡೆದವು. ಇಸವಿ ಬದಲಾಗಿದ್ದು 1874ರಲ್ಲಿ. ಹಾಗಾಗಿ 1862 ಅಂತ ಬರೆದಿರುವ ರೂಪಾಯಿ ಹಳೇದು ನಿಜ, ಅಪರೂಪ ಅಲ್ಲ. ವಿಷಯ ತಿಳಿದ ಮೇಲೆ ಮೇಷ್ಟ್ರು ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಹಾಗಾದರೆ ಆ ಹನ್ನೊಂದನ್ನೂ ಈ ಹನ್ನೊಂದು ಖಾನೆಗೆ ಹಾಕಿಬಿಡಲಾ?’ ಅಂದರು. ಇಬ್ಬರೂ ನಕ್ಕೆವು. ತಮಾಷೆ ಅಂದರೆ, ಅದು ಪೂರ್ತಿ ತಪ್ಪೂ ಅಲ್ಲ. ಬಾಂಬೆಯಲ್ಲಿ ಹೊಡೆದ ಎಷ್ಟೋ ರೂಪಾಯಿಗಳಲ್ಲಿ ಇಸವಿಯ ಕೆಳಗೆ ಸಣ್ಣ ಸಣ್ಣ ಚುಕ್ಕೆಗಳಿರುತ್ತವೆ. ನಿಜವಾಗಿ ಯಾವ ವರ್ಷ ಹೊಡೆದದ್ದು ಅನ್ನುವುದಕ್ಕೆ ಅವೇ ಗುರುತು ಅಂತ ಆ ಚುಕ್ಕೆ ಎಣಿಸಿಯೇ ಸಂಗ್ರಹ ಮಾಡುವವರಿದ್ದಾರೆ.

ಲೆನ್ಸ್ ತೆಗೆದು ನೋಡಿದೆ. ಹನ್ನೊಂದರಲ್ಲಿ ಚುಕ್ಕೆ ಸ್ಪಷ್ಟವಾಗಿ ಕಂಡಿದ್ದು ಎರಡರಲ್ಲಿ. ಉಳಿದವು ಮೊದಲೇ ಸವೆದಿದ್ದವು. ಅದರ ಮೇಲೆ ಮೇಷ್ಟ್ರು ಪಾತ್ರೆ ತಿಕ್ಕುವ ಪುಡಿ ಹಾಕಿ ಫಳಫಳ ಮಾಡಿದ್ದರು.

ಒಂದು ವಿಷಯ ಎಷ್ಟು ಸಲ ಹೇಳಿದರೂ ಜನರ ತಲೆಗೆ ಹೋಗುವುದಿಲ್ಲ. ಇವತ್ತು ಇನ್ನೊಂದು ಸಲ ಹೇಳುತ್ತೇನೆ, ಬೇಸರ ಮಾಡಿಕೊಳ್ಳಬೇಡಿ. ನಾಣ್ಯದ ವ್ಯಾಪಾರದಲ್ಲಿ ನೀವು ಕೊಳ್ಳುವ ಬೆಲೆಯೇ ಬೇರೆ, ಮಾರುವ ಬೆಲೆಯೇ ಬೇರೆ. ನಡುವಿನ ವ್ಯತ್ಯಾಸದಲ್ಲಿ ನನ್ನಂಥವರ ಮನೆ ನಡೆಯುತ್ತದೆ. ‘ಸದ್ಯಕ್ಕೆ’ ಅಂತ ಸವೆದ ನಾಣ್ಯ ತಗೊಂಡಾಗ ನನಗೆ ಒಂದು ಸಲ ಲಾಭ ಕೊಟ್ಟಿರಿ. ಅದನ್ನೇ ವಾಪಸ್ ತಂದಾಗ ಇನ್ನೊಂದು ಸಲ. ಅದರ ಬದಲಿಗೆ ಒಳ್ಳೇದು ತಗೊಂಡಾಗ ಮೂರನೇ ಸಲ. ಮೊದಲೇ ಒಳ್ಳೇದು ತಗೊಂಡಿದ್ದರೆ ಒಂದೇ ಸಲಕ್ಕೆ ಮುಗಿಯುತ್ತಿತ್ತು. ನಷ್ಟ ನನಗೇ, ಆದರೂ ಹೇಳುತ್ತಿದ್ದೇನೆ!

ಅದೂ ವಾಪಸ್ ಹೋಗುವ ನಾಣ್ಯವಾದರೆ. ಸವೆದ, ತಿಕ್ಕಿದ ಸಾಮಾನ್ಯ ಇಸವಿಯ ರೂಪಾಯಿಯನ್ನು ಸಂಗ್ರಹಕ್ಕೆ ಅಂತ ಯಾರೂ ಕೇಳುವುದಿಲ್ಲ. ಅದಕ್ಕೆ ತಕ್ಕಡಿಯ ಬೆಲೆ. ರೂಪಾಯಿಯ ತೂಕ 11.66 ಗ್ರಾಂ, ಅದರಲ್ಲಿ 12ರಲ್ಲಿ 11 ಪಾಲು ಬೆಳ್ಳಿ. ಸವೆದಿದ್ದರೆ ಅಷ್ಟೂ ತೂಗುವುದಿಲ್ಲ.

ಹೊಳೆಯುವುದೆಲ್ಲ ಒಳ್ಳೇ ನಾಣ್ಯ ಅನ್ನುವ ಭ್ರಮೆ ಬೇರೆ. ಒಂದು ಕೆಲಸ ಮಾಡಿ. ರೂಪಾಯಿಯನ್ನು ಅಂಚಿನಲ್ಲಿ ಹಿಡಿದು ಒಂದೇ ಬಲ್ಬಿನ ಕೆಳಗೆ ನಿಧಾನಕ್ಕೆ ವಾಲಿಸಿ. ಚಲಾವಣೆಯಲ್ಲಿ ಸವೆಯದ ನಾಣ್ಯವಾದರೆ ಬೆಳಕು ಗಾಡಿ ಚಕ್ರದ ಅರಗಳ ಹಾಗೆ ಸುತ್ತುತ್ತದೆ. ತಿಕ್ಕಿದ್ದಾದರೆ ಸ್ಟೀಲ್ ಲೋಟದ ಹಾಗೆ ಎಲ್ಲ ಕಡೆ ಒಂದೇ ಥರ ಹೊಳೆಯುತ್ತದೆ, ಜೊತೆಗೆ ಕೂದಲೆಳೆಯಂಥ ಗೀರುಗಳು ಕಾಣುತ್ತವೆ. ಆಮೇಲೆ ಉಬ್ಬಿದ ಜಾಗ ನೋಡಿ. ರಾಣಿಯ ಕಿವಿಯ ಮೇಲಿನ ಕೂದಲು, ರವಿಕೆಯ ಕಸೂತಿ. ಐದನೇ ಜಾರ್ಜ್ ಆದರೆ ಎದೆಯ ಮೇಲಿನ ಪುಟ್ಟ ಆನೆ. 1911ರ ರೂಪಾಯಿಯಲ್ಲಿ ಆ ಆನೆ ಹಂದಿಯ ಹಾಗೆ ಕಾಣುತ್ತದೆ ಅಂತ ಗಲಾಟೆಯಾಗಿ ಅಚ್ಚನ್ನೇ ತಿದ್ದಿದರು. ಕೂದಲ ಎಳೆ ಎಣಿಸುವಂತಿದ್ದು ನಾಣ್ಯ ಕಪ್ಪಗಿದ್ದರೂ ಪರವಾಗಿಲ್ಲ, ಆ ಕಪ್ಪು ತೆಗೆಯಲು ಹೋಗಬೇಡಿ. ಹೈಸ್ಕೂಲಿನಲ್ಲಿದ್ದಾಗ ನಮ್ಮ ಅಜ್ಜಿಯ ಪೆಟ್ಟಿಗೆಯಲ್ಲಿದ್ದ ರೂಪಾಯಿಗೆ ನಾನೂ ಹುಣಸೆಹುಳಿ ಹಚ್ಚಿದವನೇ. ಅಜ್ಜಿಗೆ ಖುಷಿಯಾಯಿತು. ಆ ರೂಪಾಯಿ ಈಗಲೂ ನನ್ನ ಹತ್ತಿರವೇ ಇದೆ, ಯಾರಿಗೆ ಮಾರಲಿ?

ಮೊದಲೇ ಒಳ್ಳೇದು ತಗೊಳ್ಳಿ ಅನ್ನುವ ಮಾತು ಎಲ್ಲ ನಾಣ್ಯಕ್ಕೂ ಒಪ್ಪುತ್ತದೆ ಅಂತ ನಾನು ಹೇಳುವುದಿಲ್ಲ. ಟಿಪ್ಪುವಿನ ಆನೆ ಕಾಸಿನಂಥ ತಾಮ್ರದ ನಾಣ್ಯ ಹೊಚ್ಚ ಹೊಸದರಂತೆ ಸಿಗಲಿ ಅಂತ ಕೂತರೆ ಕೂತೇ ಇರಬೇಕಾಗುತ್ತದೆ. ಅಲ್ಲಿ ಆನೆ ಪೂರ್ತಿ ಕಂಡರೆ ಪುಣ್ಯ. ಸುಲಭಕ್ಕೆ ಸಿಗುವ ನಾಣ್ಯದಲ್ಲಿ ಯಾಕೆ ರಾಜಿ ಅನ್ನುವುದಷ್ಟೇ ನನ್ನ ತಕರಾರು.

ಅಪರೂಪದ ಇಸವಿಯನ್ನು ಮೊದಲು ತಗೋಬೇಕು, ಬೆಲೆ ಏರುತ್ತದೆ ಅನ್ನುವವರಿದ್ದಾರೆ. ಅವರ ಮಾತಲ್ಲೂ ಅರ್ಥವಿದೆ. ಆದರೆ ಕಣ್ಣು ಪಳಗದವರಿಗೆ ನಾನು ಬೇಡ ಅನ್ನುತ್ತೇನೆ. ಆರನೇ ಜಾರ್ಜನ 1939ರ ಬೆಳ್ಳಿ ರೂಪಾಯಿ ತಗೊಳ್ಳಿ. ಅದು ಬಲು ಅಪರೂಪ, ಅದಕ್ಕೇ ನಕಲಿ ಜಾಸ್ತಿ. 1938ರ ಕೊನೆಯ ಎಂಟನ್ನು ಒಂಬತ್ತು ಮಾಡಿದ್ದನ್ನು ನಾನೇ ನೋಡಿದ್ದೇನೆ. ಮೊದಲು ಸಾಮಾನ್ಯ ಇಸವಿಯ ಒಂದೇ ಸರಣಿ ಹಿಡಿಯಿರಿ. ಒಂದು ಕೊಳ್ಳುವ ಮುಂಚೆ ಇಪ್ಪತ್ತು ನೋಡಿ. ನೋಡುವುದಕ್ಕೆ ಯಾರೂ ಕಾಸು ಕೇಳುವುದಿಲ್ಲ, ಮುಖ ಸಿಂಡರಿಸಬಹುದು, ಅಷ್ಟೇ. ಬಿಲ್ ಮರೆಯಬೇಡಿ. ನೂರು ವರ್ಷ ದಾಟಿದ ನಾಣ್ಯ 1972ರ ಕಾಯ್ದೆಯ ಪ್ರಕಾರ ಪುರಾತನ ವಸ್ತು. ಹೊರದೇಶದ ಮಗನಿಗೆ ಅಂತ ಸೂಟ್‌ಕೇಸಿನಲ್ಲಿ ಹಾಕಿ ಕಳಿಸುವ ಹಾಗಿಲ್ಲ.

ಮೇಷ್ಟ್ರು ಆಲ್ಬಮ್ ಮಾರಲಿಲ್ಲ. ನಾನೂ ಒತ್ತಾಯ ಮಾಡಲಿಲ್ಲ. ಹೋದ ವಾರ ಮತ್ತೆ ಬಂದಿದ್ದರು, ಈ ಸಲ ಕೈಯಲ್ಲಿ ಆಲ್ಬಮ್ ಇರಲಿಲ್ಲ. ಜೇಬಿನಿಂದ ಒಂದು ಪೊಟ್ಟಣ ತೆಗೆದು ಬಿಚ್ಚಿದರು. 1901ರ ರೂಪಾಯಿ, ತೀರಾ ಸಾಮಾನ್ಯ ಇಸವಿ. ಬೇರೆ ಯಾರ ಹತ್ತಿರವೋ ಕೊಂಡಿದ್ದರು. ಬಲ್ಬಿನ ಕೆಳಗೆ ಹಿಡಿದು ವಾಲಿಸಿದೆ. ಬೆಳಕು ಒಂದು ಸುತ್ತು ಬಂತು. ಕೂದಲು, ಕಸೂತಿ, ಎಲ್ಲ ಹಾಗೇ ಇದೆ.

‘ಮೇಷ್ಟ್ರೇ, ಇದನ್ನ ನನಗೇ ಕೊಡಿ’ ಅಂದೆ.

ಅವರು ಪೊಟ್ಟಣ ಮಡಚಿ ಜೇಬಿಗೆ ಹಾಕಿಕೊಂಡು, 1862ರ, ಚುಕ್ಕೆ ಕಾಣುವ ಆ ಎರಡು ರೂಪಾಯಿಗಳಿಗೆ ಏನು ಬೆಲೆ ಕೊಡುತ್ತೀರಿ ಅಂತ ಕೇಳಿದರು.