ನಾನು ಪೇಷಂಟ್ ಕಡೆಯವಳಲ್ಲ

ಕಿವುಡರೊಬ್ಬರ ಜೊತೆ ಆಸ್ಪತ್ರೆಯ ಓಪಿಡಿಗೆ ಹೋದರೆ ಮೊದಲು ಬರುವ ಪ್ರಶ್ನೆ, "ನೀವು ಪೇಷಂಟ್ ಕಡೆಯವರಾ?" ಅಲ್ಲ, ಸಂಜ್ಞಾ ಭಾಷೆಯ ಇಂಟರ್‌ಪ್ರಿಟರ್ ಎನ್ನುತ್ತೇನೆ. "ಸದ್ಯ, ಒಬ್ಬರಾದ್ರೂ ಬಂದ್ರಲ್ಲ" ಎಂದು ಡಾಕ್ಟರು ಕುರ್ಚಿಯನ್ನು ನನ್ನ ಕಡೆ ತಿರುಗಿಸಿಕೊಳ್ಳುತ್ತಾರೆ. ಅಲ್ಲಿಂದಾಚೆಗೆ ಹೊಟ್ಟೆನೋವು ಒಬ್ಬರಿಗೆ, ವಿಚಾರಣೆ ಇನ್ನೊಬ್ಬರಿಗೆ. "ಅವರಿಗೆ ಯಾವಾಗಿಂದ ನೋವು?" "ಶುಗರ್ ಇದೆಯಾ ಕೇಳಿ." "ಮನೇಲಿ ಯಾರ್ಯಾರಿದ್ದಾರೆ?" ರೋಗಿ ಎದುರಿಗೇ ಕೂತಿದ್ದಾರೆ. ವಯಸ್ಸು ನಲವತ್ತು, ಸ್ವಂತ ಟೈಲರ್ ಅಂಗಡಿ ಇದೆ, ಇಬ್ಬರು ಮಕ್ಕಳನ್ನು ಓದಿಸುತ್ತಿದ್ದಾರೆ. ಅವರ ಮುಖವನ್ನು ಮಾತ್ರ ಯಾರೂ ನೋಡುವುದಿಲ್ಲ.

ಮೈಸೂರಿನಲ್ಲಿ ಈ ಕೆಲಸಕ್ಕೆ ಇಳಿದಾಗಿನಿಂದ ನಾನು ಹೇಳುತ್ತಿರುವುದು ಒಂದೇ ಮಾತು. ಇಂಟರ್‌ಪ್ರಿಟರ್ ಆ ಕಿವುಡರ ಮನೆಯವರಲ್ಲ. ಅವರ ಪರವಾಗಿ ತೀರ್ಮಾನ ತೆಗೆದುಕೊಳ್ಳುವವರಲ್ಲ. ಅವರಿಗೆ ಏನು ತಿಳಿಯಬೇಕು, ಏನು ತಿಳಿಯಬಾರದು ಎಂದು ಸೋಸಿ ಕೊಡುವವರೂ ಅಲ್ಲ. ಕೋಣೆಯಲ್ಲಿ ಬಾಯಿಂದ ಬಂದದ್ದೆಲ್ಲ ನನ್ನ ಕೈಗೆ ಬರುತ್ತದೆ, ಅವರು ಕೈಯಲ್ಲಿ ಆಡಿದ್ದೆಲ್ಲ ನನ್ನ ದನಿಗೆ ಬರುತ್ತದೆ. ಎಲ್ಲವೂ. ಪಕ್ಕದವರ ಹತ್ತಿರ ನೀವು "ಪಾಪ, ಮೂಗಿ ಅನ್ಸುತ್ತೆ" ಎಂದಿದ್ದೂ ಬರುತ್ತದೆ. "ಇದನ್ನ ಅವರಿಗೆ ಹೇಳ್ಬೇಡಿ" ಎಂದರೆ ಆ ಮಾತೂ ಹಾಗೆಯೇ ಬರುತ್ತದೆ. ಕಿವಿ ಕೇಳುವ ರೋಗಿಯ ಎದುರು ಆಡಬಾರದ ಮಾತಿದ್ದರೆ ಏನು ಮಾಡುತ್ತೀರಿ? ಆಚೆ ಹೋಗಿ ಮಾತಾಡುತ್ತೀರಿ. ಇಲ್ಲಿಯೂ ಹಾಗೇ ಮಾಡಿ.

ಇದನ್ನು ಎಷ್ಟು ಬಿಡಿಸಿ ಹೇಳಿದರೂ ತಲೆಗೆ ಹೋಗುವುದು ಕಷ್ಟ. "ನನ್ನ ಮೊಬೈಲ್ ಬಸ್ಸಿನಲ್ಲಿ ಕಳುವಾಯಿತು" ಎಂದು ನಾನು ದನಿ ಕೊಟ್ಟರೆ, ಕಳೆದುಕೊಂಡವಳು ನಾನಲ್ಲ. ಒಂದು ಪೊಲೀಸ್ ಠಾಣೆಯಲ್ಲಿ ದೂರು ಬರೆದುಕೊಳ್ಳುತ್ತಿದ್ದವರು ಪೂರ್ತಿ ಕೇಳಿಸಿಕೊಂಡು, ದೂರುದಾರರ ಹೆಸರಿನ ಜಾಗದಲ್ಲಿ ನನ್ನ ಹೆಸರು ಬರೆದಿದ್ದರು. ಕಿವುಡ ಹುಡುಗ ಕಾಗದ ಓದಿ, ತನ್ನ ಎದೆ ಮುಟ್ಟಿ ತೋರಿಸಿ, ಹೆಸರು ತಿದ್ದಿಸಿದ. ‘ನಾನು’ ಎಂದು ನನ್ನ ಬಾಯಲ್ಲಿ ಬಂದಾಗಲೆಲ್ಲ ಅದು ಅವರು. ನಾನು ನನ್ನದೇ ಮಾತು ಆಡಬೇಕಾದರೆ "ಇಂಟರ್‌ಪ್ರಿಟರ್ ಕೇಳುತ್ತಿದ್ದಾರೆ, ಆ ಔಷಧಿ ಹೆಸರು ಇನ್ನೊಮ್ಮೆ ಹೇಳಿ" ಎಂದು ಬೇರೆಯಾಗಿ ಹೇಳುತ್ತೇನೆ. ಅದನ್ನು ಕೈಯಲ್ಲೂ ತೋರಿಸುತ್ತೇನೆ, ಏಕೆಂದರೆ ನಾವಿಬ್ಬರು ಏನು ಮಾತಾಡಿಕೊಂಡೆವು ಎಂದು ಅವರಿಗೆ ಗೊತ್ತಾಗಬೇಕು.

ಡಾಕ್ಟರುಗಳ ಕಷ್ಟ ನನಗೆ ಗೊತ್ತಿಲ್ಲದೆ ಇಲ್ಲ. ಬೆಳಗಿನ ಓಪಿಡಿಯಲ್ಲಿ ಕಾರಿಡಾರ್ ತುಂಬ ಜನ ನಿಂತಿರುವಾಗ ಒಬ್ಬರಿಗೆ ಹೆಚ್ಚು ಹೊತ್ತು ಕೊಡುವುದು ಸುಲಭವಲ್ಲ. ಆದರೂ ಕೆಲವು ಸಣ್ಣ ವಿಷಯಗಳಿಂದ ಹೊತ್ತು ಉಳಿಯುತ್ತದೆ. ನನ್ನನ್ನು ರೋಗಿಯ ಪಕ್ಕ ಕೂರಿಸಬೇಡಿ. ನಾನು ನಿಮ್ಮ ಪಕ್ಕದಲ್ಲಿ, ಸ್ವಲ್ಪ ಹಿಂದೆ ಇರಬೇಕು, ಆಗ ಅವರಿಗೆ ನೀವೂ ಕಾಣುತ್ತೀರಿ, ನನ್ನ ಕೈಯೂ ಕಾಣುತ್ತದೆ. ನಮ್ಮ ಬೆನ್ನ ಹಿಂದೆ ಬಿಸಿಲಿನ ಕಿಟಕಿ ಬೇಡ, ಮುಖ ಕಪ್ಪಾಗಿಬಿಡುತ್ತದೆ. ಸಂಜ್ಞಾ ಭಾಷೆಯಲ್ಲಿ ವ್ಯಾಕರಣದ ದೊಡ್ಡ ಪಾಲು ಇರುವುದು ಮುಖದಲ್ಲಿ. ಅದೇ ಸಂಜ್ಞೆಗೆ ಹುಬ್ಬು ಮೇಲೆ ಹೋದರೆ ಪ್ರಶ್ನೆಯಾಗಬಹುದು, ಇಲ್ಲದಿದ್ದರೆ ಹೇಳಿಕೆ. ನೋಡುವವರ ಕಣ್ಣು ಮುಖ, ಕೈ ಬಿಟ್ಟು ಬೇರೆಡೆ ಹೋಗಬಾರದು. ಹಾಗಾಗಿಯೇ ಕೆಲಸದ ದಿನ ನಾನು ಗಾಜಿನ ಬಳೆ ಹಾಕುವುದಿಲ್ಲ, ಮೆಹಂದಿ ಹಾಕಿಸಿಕೊಳ್ಳುವುದಿಲ್ಲ, ಜರತಾರಿ ಸೀರೆ ಉಡುವುದಿಲ್ಲ. ಕೈಯ ಬಣ್ಣಕ್ಕೆ ಎದ್ದು ಕಾಣುವಂಥ ಒಂದೇ ಬಣ್ಣದ ಬಟ್ಟೆ ಸಾಕು. ದಸರಾ ಹೊತ್ತಲ್ಲೂ ಹೀಗೇ ಬಂದೆ ಎಂದು ಆಕ್ಷೇಪಿಸಿದವರಿದ್ದಾರೆ.

ಇನ್ನೊಂದು, ವಾಕ್ಯದ ಕೊನೆಯನ್ನು ನುಂಗಬೇಡಿ. ಕನ್ನಡದಲ್ಲಿ ಬೇಕೋ ಬೇಡವೋ ಗೊತ್ತಾಗುವುದು ತುದಿಯಲ್ಲಿ. "ಆ ಮಾತ್ರೆ ನಿಲ್ಲಿಸಬೇಡಿ" ಎನ್ನುವುದನ್ನು ಅವಸರದಲ್ಲಿ ಹೇಳಿದರೆ "ನಿಲ್ಲಿಸಿಬಿಡಿ" ಎಂದೇ ಕೇಳುತ್ತದೆ. ಮಾಸ್ಕ್ ಇದ್ದರಂತೂ ಕೇಳುವುದೇ ಬೇಡ. ನಿಮ್ಮ ಮಾತಿಗಿಂತ ನನ್ನ ಕೈ ಒಂದೆರಡು ಕ್ಷಣ ಹಿಂದೆ ಬರುವುದು ಇದೇ ಕಾರಣಕ್ಕೆ. "ಮೇಡಂ ಯಾಕೆ ಸುಮ್ಮನಾದ್ರಿ?" ಎಂದು ನಡುವೆ ಎಬ್ಬಿಸಬೇಡಿ.

"ಮಿಷನ್ ಹಾಕ್ಕೊಂಡಿದ್ದಾರಲ್ಲ, ಕೇಳಲ್ವಾ?" ಎನ್ನುವುದು ನಮ್ಮ ಊರಿನದೇ ಪ್ರಶ್ನೆ. ಮಾನಸಗಂಗೋತ್ರಿಯ ವಾಕ್ ಶ್ರವಣ ಸಂಸ್ಥೆ 1965ರಿಂದ ಇಲ್ಲಿರುವುದರಿಂದ ಮೈಸೂರಿನವರಿಗೆ ಕಿವಿಯ ಮಿಷನ್ ಪರಿಚಯದ್ದೇ. ಮಿಷನ್ ಶಬ್ದವನ್ನು ದೊಡ್ಡದು ಮಾಡುತ್ತದೆ. ಆ ಶಬ್ದ ಯಾರಿಗೆ ಎಷ್ಟು ಮಾತಾಗಿ ಕೇಳುತ್ತದೆ ಎನ್ನುವುದು ಕಿವಿಯ ಮೇಲೆ, ಯಾವ ವಯಸ್ಸಿನಲ್ಲಿ ಹಾಕಿದರು ಎನ್ನುವುದರ ಮೇಲೆ ಹೋಗುತ್ತದೆ. ಅದನ್ನು ಕಿವಿ ಪರೀಕ್ಷಿಸುವ ಆಡಿಯಾಲಜಿಸ್ಟ್ ಹೇಳಬೇಕು, ನಾನಲ್ಲ. ಕಾಗದದಲ್ಲಿ ಬರೆದುಕೊಟ್ಟರೆ ಆಯಿತಲ್ಲ ಎನ್ನುವವರಿಗೂ ಹೀಗೇ ಹೇಳುತ್ತೇನೆ. ಹುಟ್ಟಿನಿಂದ ಕಿವುಡರಾದ ಎಷ್ಟೋ ಜನರಿಗೆ ಸಂಜ್ಞೆಯೇ ಮೊದಲ ಭಾಷೆ, ಬರೆಯುವ ಕನ್ನಡ ಆಮೇಲೆ ಕಲಿತದ್ದು. ಆಪರೇಷನ್ನಿನ ಒಪ್ಪಿಗೆ ಪತ್ರದ ಕನ್ನಡ ಕಿವಿ ಕೇಳುವವರಿಗೇ ಅರ್ಥವಾಗುವುದಿಲ್ಲ.

ಈಗ ಎಲ್ಲಕ್ಕಿಂತ ನನ್ನನ್ನು ಕಾಡುವ ವಿಷಯಕ್ಕೆ ಬರುತ್ತೇನೆ. ಮಂಡ್ಯ ಜಿಲ್ಲೆಯ ಒಂದು ಉಪ ನೋಂದಣಿ ಕಚೇರಿ. ನಾಲೆ ನೀರು ಹರಿಯುವ ಜಮೀನು, ಮೂವರು ಅಣ್ಣಂದಿರು, ಒಬ್ಬಳು ಕಿವುಡ ತಂಗಿ. (ಅವರ ಒಪ್ಪಿಗೆ ಕೇಳಿಯೇ ಬರೆಯುತ್ತಿದ್ದೇನೆ, ಗುರುತು ಸಿಗದಂತೆ ಕೆಲವನ್ನು ಬದಲಿಸಿದ್ದೇನೆ.) ತಂಗಿ ತನ್ನ ಪಾಲನ್ನು ಅಣ್ಣಂದಿರಿಗೆ ಬಿಟ್ಟುಕೊಡುವ ಹಕ್ಕು ಬಿಡುಗಡೆ ಪತ್ರ ಟೈಪ್ ಆಗಿ ಕೂತಿತ್ತು. ಅಧಿಕಾರಿ ಸಂಜ್ಞೆ ಗೊತ್ತಿರುವವರು ಬೇಕು ಎಂದಿದ್ದರಿಂದ ನನ್ನನ್ನು ಕರೆಸಿದ್ದರು. ಆ ಅಧಿಕಾರಿಗೆ ನಾನು ಇವತ್ತಿಗೂ ಕೃತಜ್ಞಳು. ಬಾಗಿಲಲ್ಲೇ ದೊಡ್ಡಣ್ಣ ಹೇಳಿದರು: "ಅವ್ಳಿಗೇನ್ ಗೊತ್ತಾಯ್ತದೆ ಮೇಡಮ್, ಎಲ್ಲ ನಾವೇ ನೋಡ್ಕತೀವಿ. ಸಹಿ ಹಾಕು ಅಂತ ಒಂದ್ಮಾತ್ ಹೇಳ್ಬುಡಿ, ಸಾಕು." ತಂಗಿ ನನ್ನ ಎದುರೇ ನಿಂತಿದ್ದಳು. ಆಡಿದ್ದನ್ನು ಆಡಿದ ಹಾಗೇ ಕೈಯಲ್ಲಿ ಹೇಳಿದೆ, "ಅವ್ಳಿಗೇನ್ ಗೊತ್ತಾಯ್ತದೆ" ಎನ್ನುವುದನ್ನೂ ಸೇರಿಸಿ. ಅವಳು ಅಣ್ಣನ ಮುಖ ನೋಡಿದಳು. ಆಮೇಲೆ ಪತ್ರವನ್ನು ತನ್ನ ಕಡೆ ಎಳೆದುಕೊಂಡು, ಸರ್ವೆ ನಂಬರಿನ ಮೇಲೆ ಬೆರಳಿಟ್ಟು ಕೇಳಿದಳು, "ಎಷ್ಟು ಗುಂಟೆ?" ನಾನು ದನಿ ಕೊಟ್ಟೆ. ಯಾರೂ ಉತ್ತರ ಹೇಳಲಿಲ್ಲ. ಮತ್ತೆ ಕೇಳಿದಳು, "ಇದರಲ್ಲಿ ನನ್ನದು ಎಷ್ಟು? ಬಿಟ್ಟುಕೊಟ್ಟರೆ ನನಗೆ ಏನು ಬರುತ್ತದೆ?" ಅಧಿಕಾರಿ ಪೆನ್ನಿನ ಮುಚ್ಚಳ ಹಾಕಿ, "ಇವತ್ತು ಆಗಲ್ಲ, ಮಾತಾಡ್ಕೊಂಡು ಬನ್ನಿ" ಎಂದರು. ಮುಂದೆ ಆ ಮನೆಯಲ್ಲಿ ಏನಾಯಿತು ಎಂದು ಬರೆಯುವ ಹಕ್ಕು ನನಗಿಲ್ಲ.

ಅಣ್ಣಂದಿರು ನನ್ನ ಮೇಲೆ ಸಿಟ್ಟಾದರು. "ದುಡ್ಡು ಕೊಟ್ಟು ಕರ್ಸಿದ್ದು ನಾವು" ಎಂದರು. ದುಡ್ಡು ಯಾರು ಕೊಟ್ಟರೂ ಮಾತು ಎರಡೂ ಕಡೆಗೆ ಪೂರ್ತಿ ಹೋಗಬೇಕು. ತಂಗಿ ಸಹಿ ಹಾಕಬೇಕು ಎಂದೋ ಹಾಕಬಾರದು ಎಂದೋ ನಾನು ಒಂದು ಮಾತೂ ಹೇಳಲಿಲ್ಲ, ಹೇಳಲೂಬಾರದು. ನಾನು ವಕೀಲಳಲ್ಲ, ನಿಮ್ಮ ವ್ಯವಹಾರಕ್ಕೆ ವಕೀಲರನ್ನೇ ಕೇಳಿ. ಆದರೆ ಅಂಗವಿಕಲರ ಹಕ್ಕುಗಳ 2016ರ ಕಾಯ್ದೆಯ 13ನೇ ಸೆಕ್ಷನ್ ಎಲ್ಲರೂ ಒಮ್ಮೆ ಓದುವಂಥದ್ದು. ಆಸ್ತಿ ಹೊಂದುವ, ಪಿತ್ರಾರ್ಜಿತ ಪಡೆಯುವ, ತಮ್ಮ ಹಣಕಾಸು ತಾವೇ ನೋಡಿಕೊಳ್ಳುವ ಹಕ್ಕು ಇವರಿಗೆ ಬೇರೆಯವರಷ್ಟೇ ಇದೆ ಎಂದು ಅದು ಹೇಳುತ್ತದೆ. ಅಂಗವಿಕಲರಿಗೆ ಬೆಂಬಲವಾಗಿ ನಿಂತವರಿಗೆ ಆ ವ್ಯವಹಾರದಲ್ಲಿ ತಮ್ಮದೇ ಹಿತಾಸಕ್ತಿಯ ಘರ್ಷಣೆ ಇದ್ದರೆ, ಆ ವ್ಯವಹಾರದಲ್ಲಿ ಬೆಂಬಲ ಕೊಡುವುದರಿಂದ ಅವರು ದೂರ ಇರಬೇಕು ಎಂದೂ ಹೇಳುತ್ತದೆ. ರಕ್ತಸಂಬಂಧ ಇದೆ ಎಂದ ಮಾತ್ರಕ್ಕೆ ಘರ್ಷಣೆ ಇದೆ ಎಂದು ಊಹಿಸಬಾರದು ಎನ್ನುವುದೂ ಅಲ್ಲೇ ಇದೆ, ನ್ಯಾಯವಾಗಿ ಅದನ್ನೂ ಹೇಳಬೇಕು. ಅಣ್ಣ ತಂಗಿಯನ್ನು ಪ್ರೀತಿಸಬಹುದು. ಪಾಲು ಬಿಡಿಸಿಕೊಳ್ಳುವ ಅಣ್ಣನೇ ಅವಳಿಗೆ ಮಾತು ದಾಟಿಸುವುದು ಬೇಡ ಎನ್ನುವುದಷ್ಟೇ ನನ್ನ ಮಾತು.

ತಲೆ ಆಡಿಸುವುದರ ಬಗ್ಗೆ ಒಂದು ಮಾತು ಇಲ್ಲಿ ಬರಬೇಕು. ಕಿವುಡರು ಮಾತು ನೋಡುತ್ತಾ ತಲೆ ಆಡಿಸುತ್ತಾರೆ. ಬಹಳ ಸಲ ಅದರ ಅರ್ಥ "ನೋಡ್ತಿದ್ದೀನಿ, ಮುಂದೆ ಹೇಳಿ" ಎಂದು. ಚಿಕ್ಕಂದಿನಿಂದ ಗೊತ್ತಾಗದಿದ್ದರೂ ತಲೆ ಆಡಿಸಿ ಪಾರಾಗುವುದನ್ನು ರೂಢಿ ಮಾಡಿಕೊಂಡವರೂ ಇದ್ದಾರೆ, ಮತ್ತೆ ಕೇಳಿದರೆ ಬೈಯುತ್ತಾರೆ ಎನ್ನುವ ಭಯ. ಅದನ್ನು ಒಪ್ಪಿಗೆ ಎಂದು ಬರೆದುಕೊಳ್ಳಬೇಡಿ. "ಮಾತ್ರೆ ಹೇಗೆ ತಗೋತೀರಿ, ನೀವೇ ಹೇಳಿ ನೋಡೋಣ" ಎಂದು ಕೇಳಿ. ಹಳ್ಳಿಯಲ್ಲಿ ಬೆಳೆದು, ಕಿವುಡರ ಶಾಲೆ ಕಾಣದೆ, ಮನೆಯ ಸನ್ನೆಯಲ್ಲೇ ಬದುಕಿದವರು ಬಂದರೆ ನನ್ನ ಸಂಜ್ಞೆಯೂ ಸಾಲದು. ಆಗ ಅನುಭವ ಇರುವ, ತಾವೇ ಕಿವುಡರಾದ ಇಂಟರ್‌ಪ್ರಿಟರ್ ಒಬ್ಬರು ಜೊತೆಗೆ ಬೇಕು, ಅಂಥ ಸನ್ನೆಯನ್ನು ಅವರು ಹಿಡಿಯಬಲ್ಲರು. ಅಂಥ ಕಡೆ "ನನ್ನಿಂದ ಆಗುವುದಿಲ್ಲ" ಎಂದು ಹೇಳುವುದೇ ನಮ್ಮ ಕೆಲಸ.

ಕಿವುಡ ಗೆಳೆಯರಿಗೂ ಹೇಳುವುದಿದೆ, ಬೇಜಾರು ಮಾಡಿಕೊಳ್ಳಬೇಡಿ. ನೀವು ನನ್ನನ್ನು ಅಕ್ಕ ಎನ್ನುತ್ತೀರಿ. ಮಗುವಿನ ನಾಮಕರಣಕ್ಕೆ ಕರೆಯುತ್ತೀರಿ, ನಾನು ಸಂತೋಷದಿಂದ ಬರುತ್ತೇನೆ. ನಾನೂ ಕಿವುಡ ಅಪ್ಪ ಅಮ್ಮನ ಮಗಳೇ, ಈ ಭಾಷೆ ನನಗೆ ಮನೆಯಲ್ಲೇ ಬಂದದ್ದು. ಆದರೆ ಬ್ಯಾಂಕ್ ಕೌಂಟರ್ ಮುಂದೆ ನಿಂತಾಗ "ಅಕ್ಕ, ಈ ಲೋನ್ ತಗೊಳ್ಳಲಾ?" ಎಂದು ನನ್ನನ್ನು ಕೇಳಬೇಡಿ. ಬಡ್ಡಿ ಎಷ್ಟು, ಕಂತು ಎಷ್ಟು ಎಂದು ಅವರನ್ನು ಕೇಳಿ, ನಾನು ಒಂದು ಪೈಸೆ ಬಿಡದೆ ದಾಟಿಸುತ್ತೇನೆ. ಕ್ಲರ್ಕ್ ಒರಟಾಗಿ ಮಾತಾಡಿದರೆ "ನೀವೇ ಜೋರು ಮಾಡಿ" ಎನ್ನಬೇಡಿ. ಜೋರು ಮಾಡುವುದು ನಿಮ್ಮ ಹಕ್ಕು. ನಿಮ್ಮ ಕೈಯಲ್ಲಿ ಎಷ್ಟು ಸಿಟ್ಟಿದೆಯೋ ನನ್ನ ದನಿಯಲ್ಲಿ ಅಷ್ಟೇ ಸಿಟ್ಟು ಬರುತ್ತದೆ. ಅದನ್ನು ಇಳಿಸಿ ಹೇಳಿದರೂ ತಪ್ಪು, ಏರಿಸಿ ಹೇಳಿದರೂ ತಪ್ಪು. ಹಾಗೇ, ಹೋದ ವಾರ ಇನ್ನೊಬ್ಬರ ಕೋರ್ಟ್ ಕೇಸಿಗೆ ಹೋಗಿದ್ದಿರಂತಲ್ಲ, ಏನಾಯ್ತು ಎಂದು ಕೇಳಬೇಡಿ. ಮೈಸೂರಿನ ಕಿವುಡರ ಬಳಗ ಚಿಕ್ಕದು, ಎಲ್ಲರಿಗೂ ಎಲ್ಲರೂ ಗೊತ್ತು. ಇವತ್ತು ಅವರ ವಿಷಯ ನಿಮಗೆ ಹೇಳಿದರೆ ನಾಳೆ ನಿಮ್ಮದು ಅವರಿಗೆ ಹೋಗುತ್ತದೆ.

ಬಂದ ಇಂಟರ್‌ಪ್ರಿಟರ್ ಬೇಡ ಎನಿಸಿದರೆ, ಅದು ನಾನೇ ಆದರೂ, ಹಾಗೆಂದು ಹೇಳಿ. ಗಂಡಸು ಇಂಟರ್‌ಪ್ರಿಟರ್ ಎದುರು ಸ್ತ್ರೀರೋಗದ ವಿಷಯ ಹೇಳಲು ಯಾವ ಹೆಂಗಸಿಗೆ ಮನಸ್ಸು ಬರುತ್ತದೆ? ಗಂಡ ಹೆಂಡಿರ ಜಗಳಕ್ಕೆ ಇಬ್ಬರಿಗೂ ಪರಿಚಯ ಇರುವ ನಾನು ಬರುವುದು ಸರಿಯಲ್ಲ ಎನಿಸಬಹುದು. ನನಗೆ ಬೇಸರವಿಲ್ಲ, ಬೇರೆಯವರನ್ನು ಗೊತ್ತು ಮಾಡಿಕೊಡುತ್ತೇನೆ.

ದಯವಿಟ್ಟು ಮಾತು ದಾಟಿಸಲು ಮಕ್ಕಳನ್ನು ಕರೆದೊಯ್ಯಬೇಡಿ. ಆರನೇ ಕ್ಲಾಸಿನ ಹುಡುಗಿ ಶಾಲೆ ಬಿಟ್ಟು ಬಂದು ಅಮ್ಮನಿಗೆ ಗಡ್ಡೆ ಇದೆ, ಗರ್ಭಕೋಶ ತೆಗೆಯಬೇಕು ಎಂದು ಕೈಯಲ್ಲಿ ಹೇಳುವುದನ್ನು ನೋಡಿದ್ದೇನೆ. "ಮಗು ಎಷ್ಟು ಚೂಟಿ!" ಎಂದು ಸುತ್ತಲಿನವರು ಮೆಚ್ಚಿದರು. ಆ ಮಗು ‘ಗಡ್ಡೆ’ಗೆ ‘ಗಾಯ’ ಎಂದು ಹೇಳಿತ್ತು. ಅಮ್ಮ ಹೆದರಬಾರದು ಎಂದು ಬೇಕೆಂದೇ ಹಾಗೆ ಹೇಳಿತೋ, ಸಂಜ್ಞೆ ಗೊತ್ತಿಲ್ಲದೆ ಹೇಳಿತೋ ನನಗೆ ತಿಳಿಯದು. ಎರಡರಲ್ಲಿ ಯಾವುದಾದರೂ ಆ ಭಾರ ಮಗುವಿನ ಮೇಲೆ ಬೀಳಬಾರದಿತ್ತು.

ಕೋರ್ಟುಗಳಲ್ಲಿ ಸ್ಥಿತಿ ಸ್ವಲ್ಪ ಬದಲಾಗುತ್ತಿದೆ. ಬೆಂಗಳೂರಿನ ಕಿವುಡ ವಕೀಲೆ ಸಾರಾ ಸನ್ನಿ 2023ರಲ್ಲಿ ಸುಪ್ರೀಂ ಕೋರ್ಟಿನ ವಿಚಾರಣೆಗೆ ಇಂಟರ್‌ಪ್ರಿಟರ್ ನೆರವಿನಿಂದ ಹಾಜರಾದರು, 2024ರಲ್ಲಿ ನಮ್ಮ ಹೈಕೋರ್ಟಿನಲ್ಲಿ ಇಂಟರ್‌ಪ್ರಿಟರ್ ಮೂಲಕ ವಾದ ಮಂಡಿಸಿದರು. ವಾದ ಅವರದು, ದನಿ ಮಾತ್ರ ಇಂಟರ್‌ಪ್ರಿಟರದು. ಮಾತಾಡಲಾಗದ ಸಾಕ್ಷಿಯ ಹೇಳಿಕೆ ಪಡೆಯುವಾಗ ಇಂಟರ್‌ಪ್ರಿಟರ್ ಅಥವಾ ವಿಶೇಷ ಶಿಕ್ಷಕರ ನೆರವು ಪಡೆಯಬೇಕು, ಅದನ್ನು ವಿಡಿಯೊ ಮಾಡಬೇಕು ಎಂದು ಸಾಕ್ಷ್ಯದ ಕಾನೂನಿನಲ್ಲೇ ಇದೆ. ವಿಡಿಯೊ ಇದ್ದರೆ ನಾನು ಸರಿಯಾಗಿ ದಾಟಿಸಿದೆನೇ ಎಂದು ಇನ್ನೊಬ್ಬರು ಪರೀಕ್ಷಿಸಬಹುದು. ಆಸ್ಪತ್ರೆ, ಬ್ಯಾಂಕುಗಳಲ್ಲೂ ಇಂಥ ಅಭ್ಯಾಸ ಬಂದರೆ ನನಗೆ ನೆಮ್ಮದಿ.

ಕರೆಸುವವರು ಕಾಗದಪತ್ರ, ಹೆಸರುಗಳು, ವಿಷಯ ಇಷ್ಟನ್ನು ಹಿಂದಿನ ದಿನವೇ ವಾಟ್ಸಾಪ್ ಮಾಡಿ. ದೀರ್ಘ ಸಭೆಯಾದರೆ ಇಬ್ಬರನ್ನು ಕರೆಸಿ, ಇಪ್ಪತ್ತು ಮೂವತ್ತು ನಿಮಿಷಕ್ಕೊಮ್ಮೆ ಬದಲಾಗದಿದ್ದರೆ ತಲೆ ಸೋತು ತಪ್ಪು ನುಸುಳುತ್ತದೆ. ಶುಲ್ಕವನ್ನು ಕಿವುಡರ ಮೇಲೆ ಹೊರಿಸಬೇಡಿ, ಅವರ ಮಾತು ಅರ್ಥವಾಗಬೇಕಾದ್ದು ನಿಮಗೂ ತಾನೇ. ನಾನು ಬಂದ ಮೇಲೆ ನನಗೆ ನಮಸ್ಕಾರ ಹೇಳಿ ಸಾಕು, ಉಳಿದ ಮಾತನ್ನೆಲ್ಲ ಅವರ ಮುಖ ನೋಡಿ ಅವರ ಜೊತೆಗೇ ಆಡಿ.