ಹಳೇ ಮಾರುತಿ 800: ಮೊದಲು ತಗಡು ನೋಡಿ, ಇಂಜಿನ್ ಆಮೇಲೆ

ಹಳೇ 800 ಮಾರುವವರು ಹೆಚ್ಚುಕಡಿಮೆ ಎಲ್ಲರೂ ಹೇಳುವುದು ಒಂದೇ ಮಾತು: "ಇಂಜಿನ್ ಸೂಪರ್ ಇದೆ ಸಾರ್, ಸ್ವಲ್ಪ ಟಿಂಕರಿಂಗ್ ಕೆಲಸ ಇದೆ ಅಷ್ಟೇ." ಕೊಳ್ಳುವವರೂ ನಂಬಿಕೊಂಡು ಖುಷಿಯಾಗಿ ಮನೆಗೆ ತರುತ್ತಾರೆ. ಯಾಕೆಂದರೆ ಇಂಜಿನ್ ಅಂದರೆ ದೊಡ್ಡ ಖರ್ಚು, ಟಿಂಕರಿಂಗ್, ಅಂದರೆ ಬಾಡಿ ತಗಡಿನ ರಿಪೇರಿ, ಚಿಲ್ಲರೆ ಖರ್ಚು ಅಂತ ತಲೆಯಲ್ಲಿ ಕೂತುಬಿಟ್ಟಿದೆ. ಈ ಕಾರಿನ ಮಟ್ಟಿಗೆ ಅದು ಪೂರ್ತಿ ಉಲ್ಟಾ. ನನ್ನನ್ನು ಕೇಳಿದರೆ, ಹೊಗೆ ಬಿಡುವ ಇಂಜಿನ್ ಇದ್ದರೂ ಪರವಾಗಿಲ್ಲ, ತಗಡು ಗಟ್ಟಿ ಇರುವ ಗಾಡಿ ತನ್ನಿ ಅನ್ನುತ್ತೇನೆ.

ಲೆಕ್ಕ ಸುಲಭ. 800 ಹೊರಬಂದಿದ್ದು 1983ರ ಡಿಸೆಂಬರ್‌ನಲ್ಲಿ, ನಿಂತಿದ್ದು 2014ರ ಜನವರಿಯಲ್ಲಿ. ಮೂವತ್ತು ವರ್ಷ ಓಡಿದ ಮಾಡೆಲ್. ಅದರ 796 ಸಿಸಿ ಮೂರು ಸಿಲಿಂಡರ್ ಇಂಜಿನ್ ಓಮ್ನಿಯಲ್ಲೂ ಇತ್ತು, ಆ ಓಮ್ನಿ 2019ರವರೆಗೂ ತಯಾರಾಗುತ್ತಿತ್ತು. ಹಾಗಾಗಿ ಪಿಸ್ಟನ್, ರಿಂಗು, ಬೇರಿಂಗು, ಗ್ಯಾಸ್ಕೆಟ್ಟು ಇವತ್ತಿಗೂ ಸಲೀಸಾಗಿ ಸಿಗುತ್ತವೆ. ಬೆಂಗಳೂರಿನಲ್ಲಿದ್ದರೆ ಜೆ.ಸಿ. ರಸ್ತೆಯಲ್ಲಿ ಹೊಸದು ಸಿಗುತ್ತೆ, ಶಿವಾಜಿನಗರದ ಗುಜರಿ ಸಾಲಿನಲ್ಲಿ ಬಿಚ್ಚಿದ ಮಾಲು ಸಿಗುತ್ತೆ. ಒಂದು ಎಚ್ಚರ ಇರಲಿ. ಓಮ್ನಿಯಲ್ಲಿ ಇಂಜಿನ್ ಉದ್ದಕ್ಕೆ ಕೂತಿರುತ್ತೆ, 800ರಲ್ಲಿ ಅಡ್ಡಕ್ಕೆ. ಒಳಗಿನ ಸಾಮಾನು ಹೊಂದುತ್ತೆ ಅಂತ ಹೊರಗಿನ ಮ್ಯಾನಿಫೋಲ್ಡ್ (ಗಾಳಿ, ಹೊಗೆ ಓಡಾಡುವ ಪೈಪು), ಮೌಂಟಿಂಗ್ (ಇಂಜಿನ್ ಹಿಡಿದಿಡುವ ರಬ್ಬರು) ಎಲ್ಲ ಹೊಂದುತ್ತೆ ಅಂದುಕೊಂಡು ದುಡ್ಡು ಕೊಡಬೇಡಿ.

ತಗಡಿನ ಕಥೆ ಹಾಗಲ್ಲ. ಅಲ್ಲಿ ಸಾಮಾನಿನ ಬೆಲೆ ಕಮ್ಮಿ, ಕೂಲಿ ಜಾಸ್ತಿ. ಕೈಯಲ್ಲಿ ಕತ್ತರಿಸಿ, ಬಗ್ಗಿಸಿ, ವೆಲ್ಡ್ ಮಾಡಿ, ತಿಕ್ಕಿ ಕೂರಿಸುವ ಕೆಲಸ ಅದು, ದಿನಗಟ್ಟಲೆ ಎಳೆಯುತ್ತೆ. ಒಳ್ಳೆ ಟಿಂಕರ್‌ಗಳು ಕಡಿಮೆಯಾಗುತ್ತಿದ್ದಾರೆ, ಇರುವವರಿಗೆ ಇನ್ಷೂರೆನ್ಸ್ ಕೆಲಸವೇ ಸಾಕಷ್ಟಿದೆ, ನಿಮ್ಮ 800 ಶೆಡ್ಡಿನ ಮೂಲೆಯಲ್ಲಿ ಧೂಳು ಹಿಡಿಯುತ್ತೆ.

ಗಾಡಿ ನೋಡಲು ಹೋಗುವಾಗ ಜೇಬಿನಲ್ಲಿ ಒಂದು ಸಣ್ಣ ಮ್ಯಾಗ್ನೆಟ್ ಇರಲಿ, ತೆಳು ಬಟ್ಟೆ ಸುತ್ತಿ ಇಟ್ಟುಕೊಳ್ಳಿ, ಪೇಂಟ್ ಗೀರಬಾರದು. ಬಾಗಿಲಿನ ಕೆಳಭಾಗ, ಚಕ್ರದ ಕಮಾನು, ರನ್ನಿಂಗ್ ಬೋರ್ಡ್ ಮೇಲೆ ಎಳೆದು ನೋಡಿ. ಹಿಡಿಯದೆ ಜಾರಿದರೆ ಕೆಳಗಿರುವುದು ತಗಡಲ್ಲ, ತಗ್ಗು ತುಂಬುವ ಪುಟ್ಟಿ. ಬಾಗಿಲಲ್ಲಿ ಪುಟ್ಟಿ ಇದ್ದರೆ ನಾನು ತಲೆ ಕೆಡಿಸಿಕೊಳ್ಳುವುದಿಲ್ಲ, ಬೇರೆ ಬಾಗಿಲು ತಂದು ಹಾಕಬಹುದು. ನಿಜವಾಗಿ ನೋಡಬೇಕಾದ ಜಾಗಗಳು ಬೇರೆ. ಬಾನೆಟ್ ಎತ್ತಿ, ಬ್ಯಾಟರಿ ಪಕ್ಕಕ್ಕಿಟ್ಟು ಅದರ ಟ್ರೇ ಕೆಳಗಿನ ಏಪ್ರನ್ (ಇಂಜಿನ್ ಪಕ್ಕದ ಒಳತಗಡು) ನೋಡಿ, ಆಸಿಡ್ ಸೋರಿ ಅಲ್ಲಿ ತಗಡು ಹಪ್ಪಳ ಆಗಿರುತ್ತೆ. ಮುಂದಿನ ಸ್ಟ್ರಟ್ (ಸ್ಪ್ರಿಂಗ್, ಶಾಕ್ ಅಬ್ಸಾರ್ಬರ್ ಇರುವ ಕಂಬ) ಮೇಲೆ ಬಂದು ಕೂರುವ ಜಾಗ, ಕೆಳಗೆ ಲೋವರ್ ಆರ್ಮ್ (ಚಕ್ರ ಹಿಡಿದಿಡುವ ಕೆಳಗಿನ ತೋಳು) ಬೋಲ್ಟ್ ಹಿಡಿಯುವ ಜಾಗ, ಜ್ಯಾಕ್ ಕೊಡುವ ಜಾಗ ನೋಡಿ. ಕಾರ್ಪೆಟ್ ಎತ್ತಿ ಡ್ರೈವರ್ ಕಾಲ ಕೆಳಗಿನ ಫ್ಲೋರ್ ಒತ್ತಿ. ಮುಂದಿನ ಗಾಜಿನ ಬೀಡಿಂಗ್ ಹಳತಾಗಿ ಮಳೆ ನೀರು ಒಳಗೆ ಇಳಿದು, ಕಾರ್ಪೆಟ್ ಅಡಿ ನಿಂತು, ಒಳಗಿಂದಲೇ ತಿನ್ನುತ್ತಾ ಹೋಗಿರುತ್ತೆ, ಹೊರಗಿನಿಂದ ನೋಡಿದರೆ ಗಾಡಿ ಫಳಫಳ ಅಂತಿರುತ್ತೆ. ಡಿಕ್ಕಿಯಲ್ಲಿ ಸ್ಟೆಪ್ನಿ ಎತ್ತಿ ಅದರ ಗುಂಡಿಯನ್ನೂ ನೋಡಿ.

ಸ್ಟ್ರಟ್ ಕೂರುವ ಜಾಗ ಮತ್ತು ಲೋವರ್ ಆರ್ಮ್ ಹಿಡಿಯುವ ಜಾಗ, ಈ ಎರಡರಲ್ಲಿ ಸ್ಕ್ರೂಡ್ರೈವರ್ ತುದಿ ಒಳಗೆ ಹೋದರೆ ಚಹಾ ಕುಡಿದು ವಾಪಸ್ ಬನ್ನಿ. ಎಷ್ಟೇ ಕಮ್ಮಿಗೆ ಕೊಟ್ಟರೂ ಬೇಡ.

ಮಂಗಳೂರು, ಉಡುಪಿ, ಕಾರವಾರದ ಕಡೆ ಓಡಿದ ಗಾಡಿ ಅಂದರೆ ಉಪ್ಪುಗಾಳಿ, ಅದರ ಮೇಲೆ ನಾಲ್ಕು ತಿಂಗಳ ಮಳೆ. ಚಿತ್ರದುರ್ಗ, ಬಳ್ಳಾರಿ ಕಡೆಯ ಗಾಡಿಗಳಲ್ಲಿ ಪೇಂಟ್ ಬಿಸಿಲಿಗೆ ಬೆಳ್ಳಗಾಗಿ ಡ್ಯಾಶ್‌ಬೋರ್ಡ್ ಬಿರುಕು ಬಿಟ್ಟಿದ್ದರೂ ಅಡಿಭಾಗ ಒಣಗಿ ಗಟ್ಟಿ ಇರುವುದು ನೋಡಿದ್ದೇನೆ. ನೋಡೋಕೆ ಚೆನ್ನಾಗಿಲ್ಲ ಅಂತ ಅದಕ್ಕೆ ಬೆಲೆಯೂ ಕಮ್ಮಿ. ನನ್ನ ಆಯ್ಕೆ ಯಾವಾಗಲೂ ಅಂಥದ್ದೇ.

ತಗಡಿನ ಕೆಲಸ ಕೊಡುವಾಗ ಬಾಯಿಮಾತಲ್ಲಿ ಬಿಡಬೇಡಿ, ಏನೇನು ಅಂತ ಬರೆದು ಕೊಡಿ. ಕೊಳೆತ ತಗಡನ್ನು ಪೂರ್ತಿ ಕತ್ತರಿಸಿ ತೆಗೆಯಬೇಕು, ಅದರ ಮೇಲೇ ಹೊಸ ತುಂಡು ಮುಚ್ಚುವುದಲ್ಲ. ಜಿಐ ಶೀಟ್ (ಸತು ಲೇಪಿಸಿದ ತಗಡು) ಬೇಡ, ಸಿಆರ್ ಶೀಟ್ (ಲೇಪನ ಇಲ್ಲದ ಕೋಲ್ಡ್ ರೋಲ್ಡ್ ತಗಡು) ಹಾಕಿ ಅನ್ನಿ. ಜಿಐ ಮೇಲಿನ ಸತುವು ವೆಲ್ಡ್ ಮಾಡುವಾಗ ಹೊಗೆಯಾಗಿ ಏಳುತ್ತೆ, ಬೆಸುಗೆಯೂ ಸರಿ ಹಿಡಿಯಲ್ಲ, ಆ ಹೊಗೆ ಮನುಷ್ಯನಿಗೂ ಒಳ್ಳೆಯದಲ್ಲ. ಗ್ಯಾಸ್ ವೆಲ್ಡಿಂಗ್ ಬದಲು ಸಿಒ2 ವೆಲ್ಡಿಂಗ್ (ಕರೆಂಟಿನಿಂದ ತಂತಿ ಕರಗಿಸಿ ಬೆಸೆಯುವುದು) ಇರುವ ಕಡೆ ಕೊಡಿ, ಈ ಕಾರಿನ ತಗಡು ಒಂದು ಮಿಲಿಮೀಟರ್‌ಗೂ ತೆಳು, ಗ್ಯಾಸ್ ಬಿಸಿಗೆ ಅಲೆಅಲೆಯಾಗಿ ಬಾಗುತ್ತೆ. ವೆಲ್ಡಿಂಗ್‌ಗೆ ಮುಂಚೆ ಬ್ಯಾಟರಿ ಬಿಚ್ಚಿಸಿ. ಎಂಪಿಎಫ್‌ಐ (ಕಾರ್ಬ್ಯುರೇಟರ್ ಬದಲು ಇಂಜೆಕ್ಟರ್ ಇರುವ) ಗಾಡಿಯಾದರೆ ಇಸಿಎಂ (ಇಂಜಿನ್ನಿನ ಕಂಪ್ಯೂಟರ್) ಕನೆಕ್ಟರ್ ಕೂಡ. ಹಿಂದಿನ ಫ್ಲೋರ್ ಕೆಲಸ ಇದ್ದರೆ ಪೆಟ್ರೋಲ್ ಟ್ಯಾಂಕ್ ಕೆಳಗಿಳಿಸಲೇಬೇಕು, "ಏನೂ ಆಗಲ್ಲ ಬಿಡಿ ಸಾರ್, ಒದ್ದೆ ಗೋಣಿ ಹಾಕ್ತೀನಿ" ಅಂದರೆ ಗಾಡಿ ಅಲ್ಲಿಂದ ಎತ್ತಿಕೊಂಡು ಬನ್ನಿ.

ಅಂಡರ್‌ಬಾಡಿ ಕೋಟಿಂಗ್ ಅಂತ ತುಕ್ಕಿನ ಮೇಲೇ ಕಪ್ಪು ಟಾರು ಬಳಿಯುವುದು ನಮ್ಮಲ್ಲಿ ದೊಡ್ಡ ರೋಗ. ಒಳಗೆ ತೇವ ಸಿಕ್ಕಿಹಾಕಿಕೊಂಡು ತಗಡು ಇನ್ನೂ ಬೇಗ ಹೋಗುತ್ತೆ, ನಮಗೆ ಕಾಣಿಸುವುದೂ ಇಲ್ಲ. ಮೊದಲು ತುಕ್ಕು ಕೆರೆದು, ಎಪಾಕ್ಸಿ ಪ್ರೈಮರ್, ಜೋಡಣೆಗಳಿಗೆ ಸೀಲರ್, ಆಮೇಲೆ ಕೋಟಿಂಗ್. ಬಾಗಿಲಿನ ಕೆಳ ಅಂಚಿನಲ್ಲಿ ನೀರು ಹೋಗಲು ಕಂಪನಿಯವರೇ ಬಿಟ್ಟ ತೂತುಗಳಿರುತ್ತವೆ. ಪೇಂಟರ್ ಅದನ್ನೂ ಪುಟ್ಟಿ ಹಾಕಿ ಮುಚ್ಚಿರುತ್ತಾನೆ. ಡೆಲಿವರಿ ತಗೊಳ್ಳುವಾಗ ಬಗ್ಗಿ ನೋಡಿ.

ಇನ್ನು ಕಾಗದ. ಸ್ವಂತ ಬಳಕೆಯ ಕಾರಿಗೆ ಆರ್‌ಸಿ 15 ವರ್ಷ, ಆಮೇಲೆ ಗಾಡಿ ತೋರಿಸಿ ಐದೈದು ವರ್ಷಕ್ಕೆ ರಿನ್ಯೂ ಮಾಡಿಸಬೇಕು. ದೆಹಲಿ ಸುತ್ತಮುತ್ತ ಇರುವ ಹಾಗೆ 15 ವರ್ಷ ದಾಟಿದ ಪೆಟ್ರೋಲ್ ಗಾಡಿಗೆ ನಿಷೇಧ ನಮ್ಮ ರಾಜ್ಯದಲ್ಲಿಲ್ಲ. ಆದರೆ ಸುಮ್ನೆ ಆಗುವುದಿಲ್ಲ. 600 ರೂಪಾಯಿ ಇದ್ದ ಶುಲ್ಕ 2022ರ ಏಪ್ರಿಲ್‌ನಿಂದ 5,000 ಆಯಿತು, 20 ವರ್ಷ ದಾಟಿದ ಗಾಡಿಗೆ 2025ರಲ್ಲಿ ಮತ್ತೂ ಏರಿತು. ತಡ ಮಾಡಿದರೆ ತಿಂಗಳಿಗೆ 500ರಂತೆ ದಂಡ, ಮೇಲೆ ಹಸಿರು ತೆರಿಗೆ. ಆರ್‌ಸಿ ಮುಗಿದು ವರ್ಷಗಟ್ಟಲೆ ಶೆಡ್ಡಲ್ಲಿ ನಿಂತ ಗಾಡಿ "ಪುಕ್ಕಟೆ" ಸಿಕ್ಕರೂ ಈ ಬಾಕಿ ಕೂಡಿಸಿ ನೋಡಿ. ಆರ್‌ಟಿಒಗೆ ಹೋಗುವ ದಿನ ಸಾರಿಗೆ ಇಲಾಖೆಯ ಪೋರ್ಟಲ್‌ನಲ್ಲಿ ಗಾಡಿ ನಂಬರ್ ಹಾಕಿ ಇವತ್ತಿನ ಮೊತ್ತ ಖಚಿತ ಮಾಡಿಕೊಳ್ಳಿ. ಹಿಂದಿನ ಓನರ್ ಸಾಲದ ಹೈಪಾಥಿಕೇಷನ್ (ಆರ್‌ಸಿಯಲ್ಲಿರುವ ಸಾಲದ ನಮೂದು) ತೆಗೆಸದೇ ಇದ್ದರೆ ಅದಕ್ಕೆ ಬೇರೆ ಓಡಾಟ, ಕೆಲವು ಹಳೇ ಫೈನಾನ್ಸ್ ಕಂಪನಿಗಳೇ ಈಗ ಇರುವುದಿಲ್ಲ.

ಚಾಸಿಸ್ ನಂಬರನ್ನು ಆರ್‌ಸಿ ಜೊತೆ ಒಂದೊಂದೇ ಅಕ್ಷರ ಹೋಲಿಸಿ. ತುಕ್ಕಿಗೆ ಅದು ಅಳಿಸಿಹೋಗಿದ್ದರೆ ಇನ್‌ಸ್ಪೆಕ್ಟರ್ ಮುಂದೆ ನಿಂತಾಗ ಮಾತೇ ಹೊರಡುವುದಿಲ್ಲ. ಟಿಂಕರ್‌ಗೂ ಮೊದಲೇ ಹೇಳಿ, ಆ ಜಾಗಕ್ಕೆ ಗ್ರೈಂಡರ್ ಮುಟ್ಟಿಸುವಂತಿಲ್ಲ, ದಪ್ಪ ಪ್ರೈಮರ್ ಹೊಡೆಯುವಂತಿಲ್ಲ.

ಇಷ್ಟಾದ ಮೇಲೆ ಇಂಜಿನ್. ಕಂಪ್ರೆಷನ್ ಗೇಜ್ (ಸಿಲಿಂಡರ್ ಒಳಗಿನ ಒತ್ತಡ ಅಳೆಯುವ ಮೀಟರ್) ಹಾಕಿಸಿ ಮೂರೂ ಸಿಲಿಂಡರ್ ನೋಡಿ. ಅಂಕಿ ಎಷ್ಟು ಅನ್ನುವುದಕ್ಕಿಂತ ಮೂರರ ನಡುವೆ ಎಷ್ಟು ವ್ಯತ್ಯಾಸ ಅನ್ನುವುದು ಮುಖ್ಯ. ಒಂದು ಮಾತ್ರ ತೀರಾ ಕೆಳಗಿದ್ದರೆ ಆ ಸ್ಪಾರ್ಕ್ ಪ್ಲಗ್ ತೂತಿನಿಂದ ಸ್ವಲ್ಪ ಇಂಜಿನ್ ಆಯಿಲ್ ಬಿಟ್ಟು ಮತ್ತೆ ನೋಡಿ. ಏರಿದರೆ ರಿಂಗ್, ಏರದಿದ್ದರೆ ವಾಲ್ವ್ ಅಥವಾ ಹೆಡ್ ಗ್ಯಾಸ್ಕೆಟ್. ಟೈಮಿಂಗ್ ಬೆಲ್ಟ್ ಹಾಕಿ ಎಷ್ಟು ವರ್ಷವಾಯಿತು ಗೊತ್ತಿಲ್ಲ ಅಂದರೆ ಕೇಳದೆ ಬದಲಿಸಿ.

ಈ ಇಂಜಿನ್‌ಗಳನ್ನು ಕೊಲ್ಲುವುದು ಓಟ ಅಲ್ಲ, ಬಿಸಿ. ಹೆಡ್ ಅಲ್ಯೂಮಿನಿಯಂ, ಒಂದು ಸಲ ಚೆನ್ನಾಗಿ ಕಾದರೆ ಬಾಗುತ್ತೆ. ಬೋರ್‌ವೆಲ್ ಗಡಸು ನೀರು ಹಾಕಿ ಹಾಕಿ ರೇಡಿಯೇಟರ್ ಒಳಗೆ ಸುಣ್ಣ ಕಟ್ಟಿರುತ್ತೆ, ಗಾಡಿ ಕಾಯುತ್ತೆ, ಆಗ ಯಾರೋ ಬುದ್ಧಿವಂತರು ಥರ್ಮೋಸ್ಟಾಟ್ ವಾಲ್ವ್ (ಇಂಜಿನ್ ಬಿಸಿಯಾಗುವವರೆಗೆ ನೀರನ್ನು ರೇಡಿಯೇಟರ್‌ಗೆ ಬಿಡದ ವಾಲ್ವ್) ಕಿತ್ತು ಬಿಸಾಡುತ್ತಾರೆ, "ನಮ್ಮ ಬಿಸಿಲಿಗೆ ಅದು ಬೇಡ" ಅಂತ. ಅಲ್ಲಿಂದ ಇಂಜಿನ್ ಬಿಸಿಯಾಗಲು ತುಂಬಾ ಹೊತ್ತು ಹಿಡಿಯುತ್ತೆ, ಪೆಟ್ರೋಲ್ ಜಾಸ್ತಿ ಕುಡಿಯುತ್ತೆ, ಸಿಲಿಂಡರ್ ಬೇಗ ಸವೆಯುತ್ತೆ, ಟ್ರಾಫಿಕ್ಕಲ್ಲಿ ವಿಪರೀತ ಬಿಸಿಯಾಗುವುದು ಮಾತ್ರ ಹಾಗೇ ಇರುತ್ತೆ. ರೇಡಿಯೇಟರ್ ಬದಲಿಸಿ, ಥರ್ಮೋಸ್ಟಾಟ್ ವಾಪಸ್ ಹಾಕಿ, ಫ್ಯಾನ್ ಸ್ವಿಚ್ ಸರಿಯಾದ ಹೊತ್ತಿಗೆ ಆನ್ ಆಗುತ್ತಾ ನೋಡಿ, ಕೂಲಂಟ್ ತುಂಬಿ. ಇಂಜಿನ್ ಇಳಿಸುವ ಮುಂಚೆ ಇದನ್ನು ಮಾಡಿದರೆ ಎಷ್ಟೋ ಗಾಡಿಗಳಲ್ಲಿ ಇಳಿಸುವ ಕೆಲಸವೇ ಬರುವುದಿಲ್ಲ.

ಮಾಡಿಫಿಕೇಷನ್ ಅಂದ ತಕ್ಷಣ ಹುಡುಗರು ಕೇಳುವುದು ಎಸ್ಟೀಮ್ ಇಂಜಿನ್. "ಅಣ್ಣಾ, 1300 ಸಿಸಿ ಕೂರುತ್ತಂತೆ, ರಾಕೆಟ್ ಆಗುತ್ತಂತೆ." ಕೂರುತ್ತಪ್ಪಾ. ಆದರೆ 37 ಎಚ್‌ಪಿ ಲೆಕ್ಕಕ್ಕೆ ಮಾಡಿದ, ಸುಮಾರು 650 ಕೆಜಿಯ ಗಾಡಿ ಅದು, ಬ್ರೇಕೂ ಅಷ್ಟಕ್ಕೇ. ಕಾನೂನೂ ಇದೆ. ಮೋಟಾರು ವಾಹನ ಕಾಯ್ದೆಯ ಸೆಕ್ಷನ್ 52, ಅದರ ಮೇಲೆ 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೊಟ್ಟ ತೀರ್ಪು, ಎರಡೂ ಹೇಳುವುದು ಕಂಪನಿ ಕೊಟ್ಟ ಮೂಲ ವಿವರಕ್ಕೆ ವಿರುದ್ಧವಾಗಿ ಗಾಡಿ ಬದಲಿಸುವಂತಿಲ್ಲ ಅಂತ. ಹೇಳದೆ ಇಂಜಿನ್ ಬದಲಿಸಿ ಆಕ್ಸಿಡೆಂಟ್ ಆದರೆ ಇನ್ಷೂರೆನ್ಸ್‌ನವರು ಕ್ಲೇಮ್ ತಳ್ಳಿಹಾಕಲು ಅದೊಂದೇ ಕಾರಣ ಸಾಕು. ಸ್ಪ್ರಿಂಗ್ ಕತ್ತರಿಸಿ ಗಾಡಿ ತಗ್ಗಿಸುವುದಂತೂ ನಮ್ಮ ಹಂಪ್‌ಗಳ ಮಧ್ಯೆ ಹುಚ್ಚುತನ. ನಮ್ಮ ಗ್ಯಾರೇಜಿನಲ್ಲಿ ಎರಡಕ್ಕೂ ಇಲ್ಲ ಅಂದುಬಿಡುತ್ತೇನೆ.

ಕಮ್ಮಿ ದುಡ್ಡಲ್ಲಿ ನಿಜವಾಗಿ ಗೊತ್ತಾಗುವ ಬದಲಾವಣೆ ಬೇಕಾ? ಹೆಡ್‌ಲೈಟಿಗೆ ರಿಲೇ (ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟು ಆನ್ ಮಾಡುವ ಸ್ವಿಚ್) ಹಾಕಿಸಿ. ಹಳೇ 800ಗಳಲ್ಲಿ ಎರಡೂ ಬಲ್ಬಿನ ಕರೆಂಟು, ಹತ್ತು ಆಂಪಿಯರ್ ಹತ್ತಿರ, ಸ್ಟೀರಿಂಗ್ ಪಕ್ಕದ ಸ್ವಿಚ್ ಮೂಲಕವೇ ಹಾದು ಬರುತ್ತೆ. ಸ್ವಿಚ್ಚೂ ಹಳೇದು, ವೈರೂ ತೆಳು. ಬ್ಯಾಟರಿ ಹತ್ತಿರ ಒಂದು ಸಲ, ಬಲ್ಬ್ ಹೋಲ್ಡರ್ ಹತ್ತಿರ ಒಂದು ಸಲ ಮಲ್ಟಿಮೀಟರ್ ಹಿಡಿದು ನೋಡಿ, ಒಂದು ವೋಲ್ಟ್‌ಗಿಂತ ಜಾಸ್ತಿ ದಾರಿಯಲ್ಲೇ ಹೋಗಿರುತ್ತೆ. ವೋಲ್ಟೇಜ್ ಶೇಕಡ 10 ಇಳಿದರೆ ಬೆಳಕು ಸುಮಾರು ಶೇಕಡ 30 ಇಳಿಯುತ್ತೆ, ಅದಕ್ಕೇ ದೀಪ ಎಣ್ಣೆ ಮುಗಿದ ಹಾಗೆ ಹಳದಿ. ಎರಡು ರಿಲೇ, ಒಂದು ಫ್ಯೂಸ್, ಬ್ಯಾಟರಿಯಿಂದ ನೇರ ದಪ್ಪ ವೈರ್, ಅದೇ 60/55 ವ್ಯಾಟ್ ಬಲ್ಬ್. ರಾತ್ರಿ ಓಡಿಸಿ ನೋಡಿ ಆಮೇಲೆ ಹೇಳಿ. 100/90 ಬಲ್ಬ್ ಹಾಕಿ ಹೋಲ್ಡರ್ ಕರಗಿಸಿಕೊಂಡು ಬರುವವರು ಈಗಲೂ ಇದ್ದಾರೆ.

ಟೈರ್ ವಿಷಯದಲ್ಲಿ ತುಂಬಾ ಜನ ಆಲ್ಟೊ ಸೈಜ್ ಹಾಕುತ್ತಾರೆ, ಬೇಗ ಸಿಗುತ್ತೆ ಅಂತ. 800ರದ್ದು 145/70 ಆರ್12, ಹಳೇ ಆಲ್ಟೊದು 145/80 ಆರ್12. ಮೊದಲನೆಯದರ ವ್ಯಾಸ 508 ಮಿಮೀ ಆದರೆ ಎರಡನೆಯದು 537, ಹತ್ತಿರ ಹತ್ತಿರ ಶೇಕಡ 6 ದೊಡ್ಡದು. ಮೀಟರ್ 60 ತೋರಿಸುವಾಗ ನೀವು 63ರ ಮೇಲೆ ಹೋಗುತ್ತಿರುತ್ತೀರಿ. ಅದು ಹೋಗಲಿ, ಘಾಟಿ ಹತ್ತುವಾಗ ಇರುವ 37 ಎಚ್‌ಪಿಯಲ್ಲೇ ಎಳೆತ ಕಮ್ಮಿಯಾಗುತ್ತೆ, ಸ್ಟೀರಿಂಗ್ ಪೂರ್ತಿ ತಿರುಗಿಸಿದರೆ ಕೆಲವು ಗಾಡಿಗಳಲ್ಲಿ ಉಜ್ಜುತ್ತೆ. ಸ್ವಲ್ಪ ಅಗಲ ಬೇಕೇ ಬೇಕು ಅಂದರೆ 155/65 ಆರ್12 ಹುಡುಕಿ, ನ್ಯಾನೋ ಹಿಂದಿನ ಚಕ್ರದ ಸೈಜ್ ಅದು, ವ್ಯಾಸ 506, ಮೀಟರ್ ಲೆಕ್ಕ ತಪ್ಪಲ್ಲ. ರಿಮ್ಮಿನ ಅಗಲ ಅದಕ್ಕೆ ಸಾಲುತ್ತಾ ಅಂತ ಟೈರ್ ಅಂಗಡಿಯಲ್ಲಿ ಮೊದಲೇ ಅಳೆಸಿ. ಟೈರ್ ಪಕ್ಕದಲ್ಲಿ ನಾಲ್ಕು ಅಂಕಿ ಇರುತ್ತೆ, 2319 ಅಂದರೆ 2019ನೇ ಇಸವಿಯ 23ನೇ ವಾರ. ಟೈರಿನ ಮೇಲಿನ ಗೀರು ಇನ್ನೂ ಆಳವಾಗಿದೆ ಅಂತ ಹತ್ತು ವರ್ಷದ ಹಳೇ ಟೈರಲ್ಲಿ ಹೈವೇಗೆ ಹೋಗಬೇಡಿ.

ಬ್ರೇಕ್ ಹೋಸ್, ವ್ಹೀಲ್ ಸಿಲಿಂಡರ್ ಕಿಟ್, ಮಾಸ್ಟರ್ ಸಿಲಿಂಡರ್ ಕಿಟ್, ಹೊಸ ಆಯಿಲ್, ಲೋವರ್ ಆರ್ಮ್ ಬುಷ್, ಮೂರು ಇಂಜಿನ್ ಮೌಂಟಿಂಗ್, ಸೀಟ್ ಬೆಲ್ಟ್. ಇವನ್ನು ಕೇಳಬೇಡಿ, ಹಾಕಿಸಿಬಿಡಿ. ಈ ಗಾಡಿಯಲ್ಲಿ ಏರ್‌ಬ್ಯಾಗೂ ಇಲ್ಲ, ಏನೂ ಇಲ್ಲ, ನಿಮ್ಮ ಮತ್ತು ಲಾರಿಯ ಮಧ್ಯೆ ಇರುವುದು ಆ ಬೆಲ್ಟ್ ಒಂದೇ.

ಪೇಂಟ್ ಕೊನೆಗೆ. ಇದ್ದ ಬಣ್ಣವೇ ಹೊಡೆಸಿದರೆ ಬಾಗಿಲ ಒಳಗಿನ ಚೌಕಟ್ಟು, ಇಂಜಿನ್ ಬೇ ಬಿಚ್ಚುವ ಖರ್ಚು ಉಳಿಯುತ್ತೆ. ಬೇರೆ ಬಣ್ಣ ಬೇಕಿದ್ದರೆ ಆರ್‌ಟಿಒಗೆ ಅರ್ಜಿ ಹಾಕಿ ಆರ್‌ಸಿಯಲ್ಲಿ ಬದಲಿಸಬೇಕು. ನಮ್ಮಲ್ಲಿಗೆ ಬರುವವರಿಗೆ ನಾನು ಹಾಕಿಕೊಡುವ ಲೆಕ್ಕ ಹೀಗೆ: ಗಾಡಿ ಕೊಂಡ ಮೇಲೆ ಕೈಯಲ್ಲಿ ಹತ್ತು ಪಾಲು ದುಡ್ಡಿದ್ದರೆ ನಾಲ್ಕು ತಗಡಿಗೆ, ಎರಡು ಬ್ರೇಕ್, ಸಸ್ಪೆನ್ಷನ್, ಟೈರಿಗೆ, ಒಂದೂವರೆ ಇಂಜಿನ್ ಮತ್ತು ಕೂಲಿಂಗಿಗೆ, ಒಂದೂವರೆ ಪೇಂಟಿಗೆ, ಒಂದು ಮುಟ್ಟದೆ ಇಡಿ. ಆ ಒಂದು ಪಾಲು ಉಳಿದ ಗಾಡಿ ನಾನಂತೂ ಕಂಡಿಲ್ಲ.

ಇನ್ನೊಂದು ಪೆಟ್ರೋಲಿನ ವಿಷಯ. ಇ20, ಅಂದರೆ ಶೇಕಡ 20 ಎಥೆನಾಲ್ ಬೆರೆಸಿದ ಪೆಟ್ರೋಲ್, ಶುರುವಾಗಿದ್ದು ಬೆಂಗಳೂರಿನಲ್ಲೇ, 2023ರ ಫೆಬ್ರವರಿಯಲ್ಲಿ. ಈಗ ಬಂಕುಗಳಲ್ಲಿ ಸಾಮಾನ್ಯವಾಗಿ ಸಿಗುವುದು ಅದೇ. 800ನ ಹಳೇ ರಬ್ಬರ್ ಪೈಪು, ಕಾರ್ಬ್ಯುರೇಟರ್ ಡಯಾಫ್ರಂ, ಪಂಪಿನ ಒಳಗಿನ ರಬ್ಬರು ಎಥೆನಾಲ್ ಇಲ್ಲದ ಕಾಲದ್ದು. ಉಬ್ಬುತ್ತವೆ, ಬಿರುಕು ಬಿಡುತ್ತವೆ, ಬಿಸಿ ಇಂಜಿನ್ ಮೇಲೆ ಪೆಟ್ರೋಲ್ ಸೋರಿದರೆ ಏನಾಗುತ್ತೆ ಅಂತ ಹೇಳಬೇಕಾಗಿಲ್ಲ ಅಲ್ವಾ? ಎಥೆನಾಲ್ ತಾಳುವ ಹೋಸ್ ಕೇಳಿ ತಂದು ಟ್ಯಾಂಕಿಂದ ಕಾರ್ಬ್ಯುರೇಟರ್‌ವರೆಗೆ ಎಲ್ಲ ಬದಲಿಸಿ, ಕ್ಲಿಪ್ಪೂ ಹೊಸದು. ಎಥೆನಾಲ್ ನೀರು ಹೀರುತ್ತೆ, ಹಾಗಾಗಿ ವಾರಗಟ್ಟಲೆ ನಿಲ್ಲಿಸುವ ಗಾಡಿಯಲ್ಲಿ ಅರ್ಧ ಟ್ಯಾಂಕ್ ಬಿಡುವುದು ಒಳ್ಳೆಯದಲ್ಲ. ಮೈಲೇಜ್ ಸ್ವಲ್ಪ ಇಳಿಯುತ್ತೆ, ಕಾರ್ಬ್ಯುರೇಟರ್ ಗಾಡಿ ಬೆಳಗ್ಗೆ ಸ್ಟಾರ್ಟ್ ಆಗಲು ತಕರಾರು ಮಾಡಬಹುದು, ಟ್ಯೂನಿಂಗ್ ಗೊತ್ತಿರುವ ಕೈಯಲ್ಲಿ ಮಿಕ್ಸ್ಚರ್ ಹೊಂದಿಸಿ. ಇನ್ನೊಂದು, ಹಳೇ ಟ್ಯಾಂಕಿನ ತಳದಲ್ಲಿ ಅಂಟಿಕೊಂಡಿದ್ದ ಗಸಿಯನ್ನು ಈ ಪೆಟ್ರೋಲ್ ಕರಗಿಸಿ ಮುಂದೆ ತಳ್ಳುತ್ತೆ, ಮೊದಲ ತಿಂಗಳಲ್ಲಿ ಫಿಲ್ಟರ್ ಕಟ್ಟಿಕೊಂಡು ಗಾಡಿ ನಡುರಸ್ತೆಯಲ್ಲಿ ಜರ್ಕ್ ಹೊಡೆದು ನಿಂತರೆ ಇಂಜಿನ್ ಹೋಯಿತು ಅಂತ ಹೆದರಿ ಟೋಯಿಂಗ್‌ನವರಿಗೆ ಫೋನ್ ಮಾಡಬೇಡಿ. ಪೆಟ್ರೋಲ್ ಫಿಲ್ಟರ್ ಒಂದು, ಸ್ಕ್ರೂಡ್ರೈವರ್ ಒಂದು ಡಿಕ್ಕಿಯಲ್ಲಿ ಇಟ್ಟುಕೊಂಡೇ ಓಡಾಡಿ.