ಗಾದಿ ಸಿಗುವ ಮುಂಚಿನ ವರ್ಷಗಳು

1967ರ ಜನವರಿ. ಸಹನಟ ಎಂ.ಆರ್. ರಾಧಾ ಹಾರಿಸಿದ ಗುಂಡು ಎಂ.ಜಿ. ರಾಮಚಂದ್ರನ್ ಅವರ ಕುತ್ತಿಗೆ ಹೊಕ್ಕಿತು. ಕೆಲವೇ ವಾರಗಳಲ್ಲಿ ಮದ್ರಾಸ್ ರಾಜ್ಯದ ಚುನಾವಣೆ. ಕುತ್ತಿಗೆಗೆ ಬ್ಯಾಂಡೇಜ್ ಸುತ್ತಿಕೊಂಡು ಆಸ್ಪತ್ರೆಯಲ್ಲಿ ಕೂತ ಎಂಜಿಆರ್ ಚಿತ್ರ ಪೋಸ್ಟರಾಗಿ ಗೋಡೆಗೋಡೆಗೂ ಅಂಟಿತು. ಬೀದಿಗಿಳಿದು ಮತ ಕೇಳದೆಯೇ ಪರಂಗಿಮಲೈ ಕ್ಷೇತ್ರದಿಂದ ಗೆದ್ದರು. ಗುಂಡೇಟಿನಿಂದ ಕೆಟ್ಟ ದನಿ ಮಾತ್ರ ಮತ್ತೆ ಮೊದಲಿನಂತಾಗಲಿಲ್ಲ.

ನಟರಿಗೆ ರಾಜಕೀಯ ಸಲೀಸು ಎನ್ನುವವರು ಈ ಕತೆಯನ್ನು ಇಷ್ಟಕ್ಕೇ ನಿಲ್ಲಿಸುತ್ತಾರೆ. ಎಂಜಿಆರ್ ಡಿಎಂಕೆ ಸೇರಿದ್ದು 1953ರಲ್ಲಿ. 1962ರಲ್ಲಿ ವಿಧಾನ ಪರಿಷತ್ತು, ಆಮೇಲೆ ಪಕ್ಷದ ಖಜಾಂಚಿಗಿರಿ, 1972ರಲ್ಲಿ ಜಗಳವಾಡಿ ಹೊರಬಿದ್ದು ಸ್ವಂತ ಪಕ್ಷ. ಮುಖ್ಯಮಂತ್ರಿ ಆದದ್ದು 1977ರಲ್ಲಿ. ಲೆಕ್ಕ ಹಾಕಿದರೆ 24 ವರ್ಷ.

ಈ ದಾರಿ ಸಿನಿಮಾದವರು ಕಂಡುಹಿಡಿದದ್ದೂ ಅಲ್ಲ. ಪೋಲೆಂಡ್ ಎಂಬ ದೇಶವೇ ಭೂಪಟದಲ್ಲಿ ಇಲ್ಲದಿದ್ದ ಕಾಲದಲ್ಲಿ, ಮೊದಲ ಮಹಾಯುದ್ಧದ ಹೊತ್ತಿಗೆ, ಪಿಯಾನೊ ವಾದಕ ಇಗ್ನಾಸಿ ಪಡೆರೆವ್‌ಸ್ಕಿ ಅಮೆರಿಕದಲ್ಲಿ ಊರೂರು ಸುತ್ತಿ ಕಛೇರಿ ಕೊಟ್ಟರು. ಜತೆಗೆ ತಾಯ್ನಾಡಿನ ಪರ ಭಾಷಣ ಮಾಡಿ ದುಡ್ಡು ಕೂಡಿಸಿದರು. 1919ರಲ್ಲಿ ಹೊಸ ಪೋಲೆಂಡಿನ ಪ್ರಧಾನಿಯಾಗಿ ವರ್ಸೇಲ್ಸ್ ಒಪ್ಪಂದಕ್ಕೆ ಸಹಿ ಹಾಕಿದರು. ವರ್ಷ ತುಂಬುವುದರೊಳಗೆ ಕುರ್ಚಿ ಬಿಟ್ಟರು, ಕೆಲ ಕಾಲದ ಬಳಿಕ ಮತ್ತೆ ಪಿಯಾನೊ ಮುಂದೆ ಕೂತರು. ಮರಳಿ ಹೋಗಲು ಒಂದು ಕಸುಬು ಇರುವುದು ರಾಜಕಾರಣಿಗೆ ದೊಡ್ಡ ಭಾಗ್ಯವೇ.

ಆಟದ ಅಂಗಳದಿಂದ ಬಂದವರಲ್ಲಿ ಜೈಪಾಲ್ ಸಿಂಗ್ ಮುಂಡಾ ಅವರಿಗೆ ಸಿಗಬೇಕಾದಷ್ಟು ಹೆಸರು ಸಿಕ್ಕಿಲ್ಲ. 1928ರ ಆಮ್‌ಸ್ಟರ್‌ಡಾಮ್ ಒಲಿಂಪಿಕ್ಸ್‌ನಲ್ಲಿ ಚಿನ್ನ ಗೆದ್ದ ಭಾರತ ಹಾಕಿ ತಂಡದ ನಾಯಕ ಅವರೇ, ಫೈನಲ್‌ನಲ್ಲಿ ಮಾತ್ರ ಆಡಲಿಲ್ಲ. ಮುಂದೆ ಆದಿವಾಸಿ ಮಹಾಸಭಾದ ಅಧ್ಯಕ್ಷರಾದರು, ಸಂವಿಧಾನ ರಚನಾ ಸಭೆಯಲ್ಲಿ ಆದಿವಾಸಿಗಳ ಪರ ದನಿ ಎತ್ತಿದರು. ಅವರು ಕೇಳುತ್ತ ಬಂದ ಜಾರ್ಖಂಡ್ ರಾಜ್ಯ ಹುಟ್ಟಿದ್ದು 2000ದಲ್ಲಿ, ಅವರು ತೀರಿಕೊಂಡು 30 ವರ್ಷವಾದ ಮೇಲೆ. ಅಲ್ಲಿ ಮತ ತಂದದ್ದು ಹಾಕಿ ಅಂತ ನನಗಂತೂ ಅನಿಸುವುದಿಲ್ಲ.

ರೊನಾಲ್ಡ್ ರೇಗನ್ ಕೂಡ ಇದೇ ಸಾಲಿನವರು. ಶ್ವೇತಭವನಕ್ಕೆ ಹೋಗುವ ಎಷ್ಟೋ ಮೊದಲು ಅವರು ನಟರ ಸಂಘದ ಅಧ್ಯಕ್ಷ. 1960ರ ಮುಷ್ಕರದಲ್ಲಿ ಸ್ಟುಡಿಯೊ ಮಾಲೀಕರ ಎದುರು ಕೂತು ಚೌಕಾಶಿ ಮಾಡಿ, ನಟರಿಗೆ ಪಿಂಚಣಿ ವ್ಯವಸ್ಥೆಯ ದಾರಿ ಮಾಡಿಕೊಟ್ಟಿದ್ದರು.

ಎನ್.ಟಿ. ರಾಮರಾವ್ ಮಾತ್ರ ಈ ಲೆಕ್ಕಕ್ಕೆ ಸಿಗುವುದಿಲ್ಲ. 1982ರ ಮಾರ್ಚ್‌ನಲ್ಲಿ ಪಕ್ಷ ಕಟ್ಟಿ, ವ್ಯಾನನ್ನೇ ರಥ ಮಾಡಿಕೊಂಡು ಆಂಧ್ರ ಸುತ್ತಿ, 1983ರ ಜನವರಿಯಲ್ಲಿ ಮುಖ್ಯಮಂತ್ರಿ. ಹತ್ತು ತಿಂಗಳೂ ಹಿಡಿಯಲಿಲ್ಲ. ಆದರೆ ಪಕ್ಷದೊಳಗಿನವರನ್ನು ಕಾಯುವ ವಿದ್ಯೆ ಅಷ್ಟು ಬೇಗ ಕೈಗೆ ಬರುವುದೇ? 1984ರಲ್ಲಿ ಹೃದಯ ಶಸ್ತ್ರಚಿಕಿತ್ಸೆ ಮುಗಿಸಿ ಬಂದ ಹೊಸತರಲ್ಲೇ ಸ್ವಂತ ಮಂತ್ರಿಯೊಬ್ಬರು ಕುರ್ಚಿ ಎಳೆದರು. ಒಂದು ತಿಂಗಳಲ್ಲಿ ಅದು ವಾಪಸ್ ಬಂತು. 1995ರಲ್ಲಿ ಅಳಿಯ ಎಳೆದಾಗ ಬರಲಿಲ್ಲ.

ಲೈಬೀರಿಯಾದ ಜಾರ್ಜ್ ವೀಯಾ 1995ರಲ್ಲಿ ವರ್ಷದ ಅತ್ಯುತ್ತಮ ಆಟಗಾರನಿಗೆ ಕೊಡುವ ಬ್ಯಾಲನ್ ಡಿ'ಓರ್ ಗೆದ್ದ ಫುಟ್‌ಬಾಲಿಗ. 2005ರ ಅಧ್ಯಕ್ಷ ಚುನಾವಣೆಯ ಮೊದಲ ಸುತ್ತಿನಲ್ಲಿ ಮುಂದಿದ್ದು, ಎರಡನೆಯದರಲ್ಲಿ ಎಲೆನ್ ಜಾನ್ಸನ್ ಸರ್ಲೀಫ್ ಎದುರು ಸೋತರು. ಓದಿಲ್ಲದವನು ಎಂದು ಎದುರಾಳಿಗಳು ಜರೆದಿದ್ದರು. ಅಮೆರಿಕಕ್ಕೆ ಹೋಗಿ ಕಾಲೇಜು ಮುಗಿಸಿದರು. 2011ರಲ್ಲಿ ಉಪಾಧ್ಯಕ್ಷ ಸ್ಥಾನಕ್ಕೆ ನಿಂತು ಮತ್ತೆ ಸೋಲು. 2014ರಲ್ಲಿ ಸೆನೆಟರ್, 2018ರ ಜನವರಿಯಲ್ಲಿ ಅಧ್ಯಕ್ಷ. ಅದೇ ಸೆಪ್ಟೆಂಬರ್‌ನಲ್ಲಿ ಅವರ 14ನೇ ಸಂಖ್ಯೆಯ ಜರ್ಸಿಗೆ ವಿದಾಯ ಹೇಳಲು ನೈಜೀರಿಯಾ ವಿರುದ್ಧ ಪಂದ್ಯ ಇಟ್ಟರು. 51 ವರ್ಷದ ಅಧ್ಯಕ್ಷರೇ ಬೂಟು ಕಟ್ಟಿ ಇಳಿದರು, 79 ನಿಮಿಷ ಆಡಿದರು.

2023ರ ಚುನಾವಣೆಯಲ್ಲಿ ವೀಯಾ ಅವರು ಜೋಸೆಫ್ ಬೊವಾಕೈ ಎದುರು ಸೋತರು. ಅಂತರ ತೀರಾ ಕಡಿಮೆ, ಎಣಿಕೆ ಇನ್ನೂ ಪೂರ್ತಿ ಮುಗಿದಿರಲಿಲ್ಲ. ವೀಯಾ ತಾವೇ ಬೊವಾಕೈಗೆ ಫೋನ್ ಮಾಡಿ ಅಭಿನಂದಿಸಿದರು.